ಬರೋಕ್ ಭಾವಚಿತ್ರಗಳ ನೆರಳು–ಬೆಳಕು: ಪದೇ ಪದೇ ಕೇಳುವ ಪ್ರಶ್ನೆಗಳು

ಬರೋಕ್ ಭಾವಚಿತ್ರ ಎಂದರೆ ಕತ್ತಲಲ್ಲಿ ಹೊಳೆಯುವ ಮುಖ ಎಂದೇ ಅರ್ಥವೇ?

ಎಲ್ಲ ಕಡೆಯೂ ಹಾಗಿಲ್ಲ. ಸುಮಾರು 1600ರಿಂದ 1700ರವರೆಗಿನ ಯುರೋಪಿನ ಚಿತ್ರಕಲೆಯನ್ನು ಒಟ್ಟಾಗಿ ಬರೋಕ್ ಎನ್ನುತ್ತಾರೆ. ಆ ನೂರು ವರ್ಷಗಳಲ್ಲಿ ಊರಿಗೊಂದು, ಕಲಾವಿದನಿಗೊಂದು ಬೆಳಕಿನ ಪದ್ಧತಿ ಇತ್ತು. ಕಾರವಾಜ್ಜೊ (1571–1610) ಬರೆದ ಮಾಲ್ಟಾದ ನೈಟ್‌ಗಳ (ಕ್ರೈಸ್ತ ಯೋಧರ ಸಂಘದ) ಮುಖ್ಯಸ್ಥ ಅಲೋಫ್ ದ ವಿನ್ಯಕೂರ್‌ನ ಚಿತ್ರದಲ್ಲಿ (1607–08ರ ಸುಮಾರು, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ) ಗಾಢ ಹಿನ್ನೆಲೆಯಿಂದ ಉಕ್ಕಿನ ಕವಚದ ಮಿನುಗು ಎದ್ದು ಬರುತ್ತದೆ. ಹಾರ್ಲೆಮ್‌ನ ಫ್ರಾನ್ಸ್ ಹಾಲ್ಸ್ ಮಾತ್ರ ತಿಳಿ ಬೂದು ಗೋಡೆಯ ಮುಂದೆ, ಹರಡಿದ ಹಗಲಿನಲ್ಲಿ ಜನರನ್ನು ಕೂರಿಸಿದ. ಲಂಡನ್ನಿನ ವ್ಯಾಲೆಸ್ ಕಲೆಕ್ಷನ್‌ನಲ್ಲಿರುವ 1624ರ ‘ಲಾಫಿಂಗ್ ಕ್ಯಾವಲಿಯರ್’ ನೋಡಿದರೆ ಕತ್ತಲೆಯೇ ಇಲ್ಲ. ಮ್ಯಾಡ್ರಿಡ್‌ನ ವೆಲಾಸ್ಕೆಸ್ ಇವೆರಡರ ನಡುವಿನವನು: 1650ರಲ್ಲಿ ರೋಮ್‌ನಲ್ಲಿ ಬರೆದ ಹ್ವಾನ್ ದೆ ಪರೇಹಾನ ಚಿತ್ರದ ಹಿನ್ನೆಲೆ ಕಂದು ಬೆರೆತ ಬೂದು, ಅದರಲ್ಲಿ ಗಾಳಿಯಾಡುತ್ತದೆ.

ಹೆಚ್ಚಿನವರು ಕೇಳುವುದು ರೆಂಬ್ರಾಂಡ್‌ನ (1606–1669) ಬೆಳಕಿನ ಬಗ್ಗೆ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಅವನ ಪಾಲೇ ದೊಡ್ಡದು.

ಕಿಯಾರೋಸ್ಕ್ಯೂರೊ ಮತ್ತು ಟೆನೆಬ್ರಿಸಂ ಎರಡೂ ಒಂದೇ ತಾನೇ?

ಒಂದೇ ಅಲ್ಲ. ನೆರಳು–ಬೆಳಕಿನ ಏರಿಳಿತದಿಂದ ಮೈಯ ಉಬ್ಬುತಗ್ಗು ಮೂಡಿಸುವ ಎಲ್ಲ ಕೆಲಸವೂ ಕಿಯಾರೋಸ್ಕ್ಯೂರೊ. ಲಿಯೊನಾರ್ಡೊ ಬರೋಕ್‌ಗಿಂತ ನೂರು ವರ್ಷ ಮೊದಲೇ ಅದನ್ನು ಮಾಡಿದ್ದ. ಚಿತ್ರದ ಬಹುಭಾಗವನ್ನೇ ಕತ್ತಲಿಗೆ ಬಿಟ್ಟು, ಒಂದೇ ಕಡೆಯಿಂದ ಬರುವ ಗಟ್ಟಿ ಬೆಳಕಿನಲ್ಲಿ ಬೇಕಾದಷ್ಟನ್ನು ಮಾತ್ರ ತೋರಿಸುವುದು ಟೆನೆಬ್ರಿಸಂ.

ಆ ಕಲಾವಿದರು ಕೋಣೆಯಲ್ಲಿ ಬೆಳಕನ್ನು ಹೇಗೆ ಹೊಂದಿಸಿಕೊಳ್ಳುತ್ತಿದ್ದರು?

ಈ ಶೈಲಿಯ ಅರ್ಧ ಕೆಲಸ ಕುಂಚ ಹಿಡಿಯುವ ಮೊದಲೇ ಕೋಣೆಯಲ್ಲಿ ಮುಗಿದಿರುತ್ತದೆ. ಕಾರವಾಜ್ಜೊನ ಹಾದಿಯವರ ಬಗ್ಗೆ ಅದೇ ಕಾಲದಲ್ಲಿ ರೋಮ್‌ನಲ್ಲಿದ್ದ ವೈದ್ಯ ಜೂಲಿಯೊ ಮಾಂಚಿನಿ ಬರೆದಿಟ್ಟಿದ್ದಾನೆ: ಬೆಳಕು ಮೇಲಿನಿಂದ, ಒಂದೇ ಕಡೆಯಿಂದ, ಪ್ರತಿಫಲನವಿಲ್ಲದೆ ಬೀಳಬೇಕು. ಒಂದೇ ಕಿಟಕಿಯಿದ್ದು, ಗೋಡೆಗಳಿಗೆ ಕಪ್ಪು ಬಳಿದ ಕೋಣೆಯಲ್ಲಿ ಹೇಗೆ ಬೀಳುವುದೋ ಹಾಗೆ. ಈ ವಿವರಣೆಯಲ್ಲಿ ಮುಖ್ಯವಾದದ್ದು ‘ಪ್ರತಿಫಲನವಿಲ್ಲದೆ’ ಎಂಬ ಭಾಗ. ಸುಣ್ಣ ಬಳಿದ ಬಿಳಿ ಕೋಣೆಯಲ್ಲಿ ಎಷ್ಟು ಸಣ್ಣ ಕಿಟಕಿ ತೆರೆದರೂ ಎದುರು ಗೋಡೆಯಿಂದ ಬೆಳಕು ಚಿಮ್ಮಿ ಮುಖದ ನೆರಳಿನ ಬದಿಯನ್ನು ತುಂಬಿಬಿಡುತ್ತದೆ.

ರೆಂಬ್ರಾಂಡ್ 1639ರಲ್ಲಿ ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ಕೊಂಡ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿನ ಚಿತ್ರಶಾಲೆಗೆ ಉತ್ತರದ ಬೆಳಕು ಬರುತ್ತದೆ. ಅವನೇ ಬಿಡಿಸಿದ ಚಿತ್ರಶಾಲೆಯ ಒಂದು ರೇಖಾಚಿತ್ರ ಆಕ್ಸ್‌ಫರ್ಡ್‌ನ ಆ್ಯಶ್ಮೋಲಿಯನ್‌ನಲ್ಲಿದೆ. ಕಿಟಕಿಯ ಕೆಳಭಾಗದ ಕದಗಳು ಮುಚ್ಚಿವೆ, ಬೆಳಕು ಮೇಲಿನ ಭಾಗದಿಂದ ಮಾತ್ರ ಬರುತ್ತಿದೆ, ಅದನ್ನು ಹದಗೊಳಿಸಲು ಬಟ್ಟೆಯೊಂದನ್ನು ಇಳಿಬಿಟ್ಟಿದೆ. ಒಂದು ಕೋಣೆ, ಎತ್ತರದ ಒಂದು ಕಿಟಕಿ, ಒಂದು ಬಟ್ಟೆ. ಸಲಕರಣೆ ಇಷ್ಟೇ.

ದೀಪದ ಬೆಳಕಿನಲ್ಲೇ ಕೂತು ಬರೆಯುತ್ತಿದ್ದರೇ?

ಭಾವಚಿತ್ರಗಳನ್ನು ಬಹುಮಟ್ಟಿಗೆ ಹಗಲಿನಲ್ಲೇ. ಚಿತ್ರದೊಳಗೇ ಮೇಣದಬತ್ತಿ ಇಟ್ಟು ಬರೆಯುವುದರಲ್ಲಿ ಪಳಗಿದವರು ಯೂಟ್ರೆಕ್ಟ್‌ನ ಹೊಂಟ್‌ಹೋರ್ಸ್ಟ್, ಫ್ರಾನ್ಸ್‌ನ ಜಾರ್ಜ್ ದ ಲಾ ತೂರ್ ಮೊದಲಾದವರು. ಇಟಲಿಯವರು ಹೊಂಟ್‌ಹೋರ್ಸ್ಟ್‌ನನ್ನು ‘ರಾತ್ರಿಗಳ ಗೆರಾರ್ದೊ’ ಎಂದೇ ಕರೆದರು.

ಈ ಎರಡು ದಾರಿಗಳ ವ್ಯತ್ಯಾಸವನ್ನು ಕಣ್ಣಾರೆ ತಿಳಿಯಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ‘ದೀಪ ಹಿಡಿದ ಮಹಿಳೆ’ಯನ್ನು ನೆನೆಯಿರಿ. ಅದು ಬರೋಕ್ ಅಲ್ಲ, ಹಲವರು ತಿಳಿದಂತೆ ರವಿವರ್ಮನದೂ ಅಲ್ಲ. 20ನೇ ಶತಮಾನದ ಎಸ್. ಎಲ್. ಹಲ್ದಂಕರ್ ಅವರ ಜಲವರ್ಣ. ಬೆಳಕಿನ ಮೂಲ ಚಿತ್ರದ ಒಳಗೇ, ಆಕೆಯ ಕೈಯಲ್ಲೇ ಇದೆ. ಬೆಳಕು ಕೆಳಗಿನಿಂದ ಮುಖಕ್ಕೆ ಏರುತ್ತದೆ, ಬೆರಳುಗಳ ಸಂದಿ ಕೆಂಪಾಗುತ್ತದೆ. ರೆಂಬ್ರಾಂಡ್‌ನ ಭಾವಚಿತ್ರಗಳಲ್ಲಿ ಮೂಲ ಚೌಕಟ್ಟಿನ ಹೊರಗೆ, ಸಾಮಾನ್ಯವಾಗಿ ಎಡ ಮೇಲ್ಗಡೆ ಇರುತ್ತದೆ. ಬಲಗೈಯಲ್ಲಿ ಬರೆಯುವವನಿಗೆ ಎಡದ ಬೆಳಕಾದರೆ ತನ್ನ ಕೈಯ ನೆರಳು ಬರೆಯುವ ಜಾಗದ ಮೇಲೆ ಬೀಳುವುದಿಲ್ಲ.

ನಮ್ಮ ಮನೆಯಲ್ಲಿ ಉತ್ತರದ ಕಿಟಕಿ ಇದೆ. ಅಷ್ಟು ಸಾಕೇ?

ಕರ್ನಾಟಕದಲ್ಲಿ ಸಾಲದು. ಉತ್ತರದ ಕಿಟಕಿಯ ಸಲಹೆ ಹುಟ್ಟಿದ್ದು ಆ್ಯಮ್‌ಸ್ಟರ್‌ಡ್ಯಾಮ್‌ನಂಥ, 52 ಡಿಗ್ರಿ ಅಕ್ಷಾಂಶದ ಊರುಗಳಲ್ಲಿ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ನಡುಹಗಲ ಸೂರ್ಯನೇ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಬೆಳಿಗ್ಗೆ, ಸಂಜೆಯ ಓರೆ ಬಿಸಿಲಂತೂ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಉತ್ತರದ ಕಿಟಕಿಗೆ ಇಣುಕುತ್ತದೆ. ಹಾಗಾಗಿ ದೀರ್ಘ ಕೂರಿಕೆಗಳಿಗೆ ಅಕ್ಟೋಬರ್‌ನಿಂದ ಮಾರ್ಚ್ ನಡುವಿನ ದಿನಗಳು ಒಳ್ಳೆಯವು. ಉಳಿದ ತಿಂಗಳಲ್ಲಿ ಕಿಟಕಿಗೆ ಒಂದು ಪದರ ತೆಳು ಬಿಳಿ ಪಂಚೆ ಕಟ್ಟಿ.

ಎರಡನೆಯ ತೊಂದರೆ ನೆಲದ ಪ್ರತಿಫಲನ. ಹೊರಗಿನ ಸಿಮೆಂಟ್ ಅಂಗಳಕ್ಕೆ ಬಿದ್ದ ಬಿಸಿಲು ಕಿಟಕಿಯ ಮೂಲಕ ಮೇಲಕ್ಕೆ ಚಿಮ್ಮಿ ಗಲ್ಲದ ಕೆಳಭಾಗವನ್ನು ಬೆಳಗುತ್ತದೆ. ಆಗ ಎಷ್ಟು ಚೆನ್ನಾಗಿ ಬರೆದರೂ ಮುಖ ಚಪ್ಪಟೆ. ಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ಕಿಟಕಿಯನ್ನು ಕೆಳಗಿನಿಂದ ಕನಿಷ್ಠ 1.5 ಮೀಟರ್‌ವರೆಗೆ ಗಾಢ ಬಟ್ಟೆಯಿಂದಲೋ ರಟ್ಟಿನಿಂದಲೋ ಮುಚ್ಚಿ. ನೆರಳಿನ ಬದಿಯ ಗೋಡೆ ಬಿಳಿಯಾಗಿದ್ದರೆ ಅದರ ಮೇಲೆ ಕಪ್ಪು ಅಥವಾ ಕಡುಕಂದು ಕಂಬಳಿ ತೂಗುಹಾಕಿ.

ಬಲ್ಬ್ ಬಳಸುವುದಾದರೆ ಒಂದೇ ಒಂದು ಬಳಸಿ. ಸುಮಾರು 4000 ಕೆಲ್ವಿನ್‌ನ, ಬಣ್ಣಗಳನ್ನು ನಿಜವಾಗಿ ತೋರಿಸುವ ಅಂಕ (ಸಿಆರ್‌ಐ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಆಗಲಿ. ಬರಿಯ ಬಲ್ಬ್ ಮೂಗಿನ ನೆರಳನ್ನು ಕತ್ತರಿಸಿಟ್ಟಂತೆ ಮಾಡುತ್ತದೆ. ಅದರ ಮುಂದೆ ಅರ್ಧ ಮೀಟರ್ ಅಗಲದ ಚೌಕಟ್ಟಿಗೆ ಬಿಳಿ ಬಟ್ಟೆ ಬಿಗಿದು ಇಟ್ಟರೆ ಅಂಚು ಮೃದುವಾಗುತ್ತದೆ.

ದೂರದ ಲೆಕ್ಕ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಲ್ಬ್‌ನಿಂದ ಮುಖ 1 ಮೀಟರ್, ಹಿಂದಿನ ಗೋಡೆ 3 ಮೀಟರ್ ದೂರದಲ್ಲಿದ್ದರೆ ಗೋಡೆಗೆ ಮುಖದ ಒಂಬತ್ತನೇ ಒಂದು ಭಾಗದಷ್ಟೇ ಬೆಳಕು. ಗೋಡೆಗೆ ಬಣ್ಣ ಬಳಿಯದೆಯೇ ಹಿನ್ನೆಲೆ ಕತ್ತಲಾಯಿತು. ಹೆಚ್ಚಿನವರು ಕೂತವರನ್ನು ಗೋಡೆಗೆ ಒರಗಿಸಿಬಿಡುತ್ತಾರೆ, ಆಮೇಲೆ ಕತ್ತಲೆಯನ್ನು ಊಹಿಸಿ ಬರೆಯಲು ಹೆಣಗುತ್ತಾರೆ.

ನೆರಳಿನ ಕೆನ್ನೆಯ ಮೇಲೆ ಬರುವ ಬೆಳಕಿನ ತ್ರಿಕೋನ ಹೇಗೆ ಸಿಗುತ್ತದೆ?

ಛಾಯಾಗ್ರಾಹಕರು ‘ರೆಂಬ್ರಾಂಡ್ ಲೈಟಿಂಗ್’ ಎನ್ನುವುದು ಇದನ್ನೇ. ಬೆಳಕು ಮುಖದ ಮುಂದಿನಿಂದ 45 ಡಿಗ್ರಿ ಪಕ್ಕಕ್ಕೆ, ಕಣ್ಣಿನ ಮಟ್ಟದಿಂದ 45 ಡಿಗ್ರಿ ಮೇಲಕ್ಕೆ ಇರಲಿ. ಅಂದರೆ ಅಡ್ಡಕ್ಕೆ 1 ಮೀಟರ್ ದೂರದಲ್ಲಿರುವ ದೀಪ ಕಣ್ಣಿಗಿಂತ 1 ಮೀಟರ್ ಮೇಲೆ, ನೆಲದಿಂದ ಸುಮಾರು 2.2 ಮೀಟರ್ ಎತ್ತರದಲ್ಲಿ. ಮೂಗಿನ ನೆರಳು ಓರೆಯಾಗಿ ಇಳಿದು ಕೆನ್ನೆಯ ನೆರಳನ್ನು ಕೂಡಿಕೊಂಡಾಗ ಕಣ್ಣಿನ ಕೆಳಗೆ ಪುಟ್ಟ ತ್ರಿಕೋನ ಉಳಿಯುತ್ತದೆ. ಎರಡು ನೆರಳು ಕೂಡದಿದ್ದರೆ ದೀಪವನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿ. ತ್ರಿಕೋನ ಮಾಯವಾದರೆ ತುಸು ಮುಂದಕ್ಕೆ ತನ್ನಿ. ಕಣ್ಣುಗುಳಿಗಳು ಪೂರ್ತಿ ಕಪ್ಪಾದರೆ ದೀಪ ಅತಿ ಎತ್ತರದಲ್ಲಿದೆ ಎಂದರ್ಥ. ಮೂಗಿನ ಉದ್ದ, ಕೆನ್ನೆಮೂಳೆಯ ಎತ್ತರ ಒಬ್ಬೊಬ್ಬರದು ಒಂದೊಂದು ಬಗೆ. ಡಿಗ್ರಿಯ ಲೆಕ್ಕವನ್ನು ಆರಂಭಕ್ಕಷ್ಟೇ ಬಳಸಿ, ಆಮೇಲೆ ಮುಖ ನೋಡಿ ಸರಿಪಡಿಸಿ.

ರೆಂಬ್ರಾಂಡ್ ಈ ತ್ರಿಕೋನಕ್ಕೆ ಅಂಟಿಕೊಂಡವನಲ್ಲ. 1628ರ ಸುಮಾರಿಗೆ ಬರೆದ, ಆ್ಯಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿರುವ ಪುಟ್ಟ ಸ್ವಚಿತ್ರದಲ್ಲಿ ಬೆಳಕು ಒಂದು ಕೆನ್ನೆಯನ್ನು ಸವರಿ ಹೋಗುತ್ತದೆ, ಕಣ್ಣುಗಳೆರಡೂ ನೆರಳಲ್ಲೇ ಉಳಿಯುತ್ತವೆ. ಇಪ್ಪತ್ತರ ಆಸುಪಾಸಿನ ಹುಡುಗ, ಭಾವಚಿತ್ರದಲ್ಲಿ ಎಲ್ಲರೂ ಮೊದಲು ಹುಡುಕುವ ಕಣ್ಣನ್ನೇ ಕತ್ತಲಿಗೆ ಬಿಟ್ಟ. ಆ ಧೈರ್ಯ ಬೆರಗು ಹುಟ್ಟಿಸುತ್ತದೆ.

ನೆರಳಿಗೆ ಕಪ್ಪು ಬಣ್ಣ ಹಚ್ಚಿದರೆ ಸತ್ತಂತೆ ಕಾಣುತ್ತದೆ. ಯಾಕೆ?

ಬರೋಕ್ ನೆರಳು ಬಹಳಷ್ಟು ಕಡೆ ಹಚ್ಚಿದ ಬಣ್ಣವಲ್ಲ, ಉಳಿಸಿದ ತಳ (ಚಿತ್ರ ಬರೆಯುವ ಮೊದಲು ಬಳಿಯುವ ಪದರ). ಕಾರವಾಜ್ಜೊ ಗಾಢ ಕಂದು ತಳದ ಮೇಲೆ ಕೆಲಸ ಮಾಡಿ, ನೆರಳಿನ ಜಾಗಗಳಲ್ಲಿ ಆ ತಳವನ್ನೇ ಕಾಣಬಿಡುತ್ತಿದ್ದ. ರೆಂಬ್ರಾಂಡ್‌ನ 1630ರ ದಶಕದ ಕ್ಯಾನ್ವಾಸ್‌ಗಳಲ್ಲಿ ಎರಡು ಪದರದ ತಳ ಸಿಗುತ್ತದೆ. ಕೆಳಗೆ ಕೆಂಪು ಮಣ್ಣಿನ ಬಣ್ಣ, ಅದರ ಮೇಲೆ ಸೀಸದ ಬಿಳಿ ಬೆರೆತ ಬೂದು. ಮರದ ಹಲಗೆಯಾದರೆ ಸೀಮೆಸುಣ್ಣ ಮತ್ತು ಪ್ರಾಣಿಜನ್ಯ ಅಂಟಿನ ತಳ, ಅದರ ಮೇಲೆ ಹಳದಿ–ಕಂದು ಎಣ್ಣೆಬಣ್ಣದ ತೆಳು ಪದರ. ಹೀಗೆ ಮಧ್ಯಮ ಛಾಯೆ ಮೊದಲೇ ಸಿದ್ಧವಿದ್ದರೆ ಕತ್ತಲಿಗೂ ಬೆಳಕಿಗೂ ಅರ್ಧ ದಾರಿ ಸವೆದಂತೆ.

ತೆಳು ಕಂದು ಬಣ್ಣದೊಳಗೆ ಬೆಳಕು ಇಳಿದು, ತಳಕ್ಕೆ ತಾಗಿ, ಬೆಚ್ಚಗಾಗಿ ಹಿಂದಿರುಗುತ್ತದೆ. ಬಿಳಿ ಬೆರೆಸಿದ ದಪ್ಪ ಕಪ್ಪಾದರೆ ಬೆಳಕು ಮೇಲ್ಮೈಯಲ್ಲೇ ಚದುರಿ ಬೂದಿಯಂತಾಗುತ್ತದೆ. ಆದ್ದರಿಂದ ನೆರಳಿಗೆ ಬಿಳಿ ಬೇಡ, ದಪ್ಪವೂ ಬೇಡ. ಸುಟ್ಟ ಅಂಬರ್ (ಕಂದು ಮಣ್ಣಿನ ಬಣ್ಣ) 2 ಪಾಲು, ಎಲುಬಿನ ಕಪ್ಪು 1 ಪಾಲು, ಗಾಢ ಕೆಂಪು ಲೇಕ್ (ಪಾರದರ್ಶಕ ಬಣ್ಣ) ಅರ್ಧ ಪಾಲು, ಈ ಮಿಶ್ರಣದಿಂದ ಆರಂಭಿಸಿ.

ಇದಕ್ಕೆ ವಿರುದ್ಧವಾದ ಇನ್ನೊಂದು ಗುಣವೂ ಇದೆ. ಒಣಗಿದ ಕಂದಿನ ಮೇಲೆ ತಿಳಿ ಮಾಂಸವರ್ಣವನ್ನು ತೆಳುವಾಗಿ ಎಳೆದರೆ ಅದು ನೀಲಿಛಾಯೆಯ ಬೂದಾಗಿ ಕಾಣುತ್ತದೆ, ಕಪ್ಪು ಬಾಗಿಲಿನ ಎದುರು ಊದುಬತ್ತಿಯ ಹೊಗೆ ನೀಲಿಯಾಗಿ ಕಾಣುವ ಹಾಗೆ. ಕಾರಣ ಎರಡರಲ್ಲೂ ಒಂದೇ: ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಬೆಳಕಿನಿಂದ ನೆರಳಿಗೆ ತಿರುಗುವ ಕೆನ್ನೆಯ ಆ ತಣ್ಣನೆಯ ಮಧ್ಯಛಾಯೆ ಹಳೆಯ ಚಿತ್ರಗಳಲ್ಲಿ ಎಷ್ಟೋ ಸಲ ಹೀಗೆ ಹುಟ್ಟಿದ್ದು. ಬಣ್ಣದ ಹಲಗೆಯ ಮೇಲೆ ನೀಲಿ ಹುಡುಕಬೇಕಾಗಿಲ್ಲ.

ಒಂದು ತಲೆಯನ್ನು ಹಂತ ಹಂತವಾಗಿ ಬರೆಯುವುದು ಹೇಗೆ?

ಸುಮಾರು 40 × 50 ಸೆಂ.ಮೀ. ಕ್ಯಾನ್ವಾಸ್, ಏಳು ಬಣ್ಣ ಸಾಕು: ಬಿಳಿ, ಹಳದಿ ಓಕರ್, ಕೆಂಪು ಓಕರ್ (ಎರಡೂ ಮಣ್ಣಿನ ಬಣ್ಣಗಳು), ಕ್ಯಾಡ್ಮಿಯಂ ಕೆಂಪು (ಹಳಬರ ಇಂಗಳೀಕದ ಬದಲಿಗೆ), ಕೆಂಪು ಲೇಕ್, ಸುಟ್ಟ ಅಂಬರ್, ಎಲುಬಿನ ಕಪ್ಪು.

1. ತಳ: ಅಂಬರ್ 2, ಓಕರ್ 1, ಬಿಳಿ 1 ಪಾಲು ಬೆರೆಸಿ, ಟರ್ಪೆಂಟೈನ್‌ನಿಂದ ತೆಳುಮಾಡಿ ಬಳಿದು, ಬಟ್ಟೆಯಿಂದ ಒರೆಸಿ. ಕಪ್ಪಿಗೆ 1, ಬಿಳಿಗೆ 9 ಎಂದು ಅಳೆದರೆ ತಳ 4ರ ಹತ್ತಿರ ಬರಲಿ. ಮೂರು–ನಾಲ್ಕು ದಿನ ಒಣಗಲು ಬಿಡಿ.

2. ಕಂದು ನಕ್ಷೆ: ಅಂಬರ್ ಒಂದರಲ್ಲೇ ನೆರಳಿನ ಆಕಾರಗಳನ್ನು ಹಾಕಿ. ಕಣ್ಣು, ಮೂಗು ಎಂದು ಯೋಚಿಸಬೇಡಿ. ಕಣ್ಣುಗುಳಿ, ಮೂಗಿನ ಪಕ್ಕ, ಕೆನ್ನೆ, ಕುತ್ತಿಗೆ ಎಲ್ಲ ಸೇರಿ ಒಂದೇ ನೆರಳಿನ ತುಂಡಾಗಲಿ. ಕಣ್ಣು ಕಿರಿದು ಮಾಡಿ ನೋಡಿದರೆ ಆ ತುಂಡು ಕಾಣುತ್ತದೆ. ಹೋಲಿಕೆ ಸಿಗುವುದು ಈ ಹಂತದಲ್ಲಿ. ಇಲ್ಲಿ ಸಿಗದಿದ್ದರೆ ಮುಂದೆಯೂ ಸಿಗುವುದಿಲ್ಲ, ಹಾಗಾಗಿ ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ.

3. ಬೆಳಕಿನ ಮೊದಲ ಪದರ: ಬಿಳಿ, ಓಕರ್, ತುಸು ಕೆಂಪು. ಅಳತೆಯಲ್ಲಿ 6–7ರ ಆಚೆ ಹೋಗಬೇಡಿ. 8 ಮತ್ತು 9ನ್ನು ಕೂಡಿಟ್ಟುಕೊಳ್ಳಿ.

4. ಮಧ್ಯಛಾಯೆ: ಬೆಳಕಿನ ಬಣ್ಣವನ್ನು ನೆರಳಿನತ್ತ ತೆಳುವಾಗಿ ಎಳೆಯಿರಿ. ಹಸಿರು–ಬೂದು ಬೇಕೆನಿಸಿದರೆ ಓಕರ್‌ಗೆ ಚಿಟಿಕೆ ಕಪ್ಪು. ಕಪ್ಪು ಮತ್ತು ಹಳದಿ ಸೇರಿದರೆ ಮಂದ ಹಸಿರಾಗುತ್ತದೆ.

5. ಒಂದು ವಾರ ಒಣಗಿದ ಮೇಲೆ ಕೆನ್ನೆ, ಮೂಗಿನ ತುದಿ, ಕಿವಿಗೆ ಕೆಂಪಿನ ತೆಳು ಹೊದಿಕೆ. ಕೊನೆಗೆ ಹಣೆ, ಮೂಗಿನ ತುದಿ, ಕೆಳತುಟಿಯ ಮೇಲೆ ದಪ್ಪ ಬಿಳಿಯ ಒಂದೊಂದೇ ಚುಕ್ಕೆ. ಹಚ್ಚಿದ ಮೇಲೆ ತಿದ್ದಬೇಡಿ.

ಪ್ರತಿ ಪದರದಲ್ಲೂ ಎಣ್ಣೆ ಹಿಂದಿನದಕ್ಕಿಂತ ತುಸು ಹೆಚ್ಚಿರಲಿ. ಕಡಿಮೆ ಎಣ್ಣೆಯ, ಬೇಗ ಒಣಗುವ ಪದರವನ್ನು ಹೆಚ್ಚು ಎಣ್ಣೆಯ ಹಸಿ ಪದರದ ಮೇಲೆ ಹಚ್ಚಿದರೆ ಮೇಲಿನದು ಬಿರಿಯುತ್ತದೆ.

ಬೆಳಕಿನ ಭಾಗದಲ್ಲಿ ಬಣ್ಣ ಅಷ್ಟು ದಪ್ಪ ಏಕೆ?

ದಪ್ಪ ಬಣ್ಣದ ಉಬ್ಬು ಕೋಣೆಯ ನಿಜವಾದ ಬೆಳಕನ್ನೇ ಹಿಡಿಯುತ್ತದೆ. ರೆಂಬ್ರಾಂಡ್‌ನ ಶಿಷ್ಯ ಸ್ಯಾಮ್ಯುಯೆಲ್ ಫಾನ್ ಹೂಗ್‌ಸ್ಟ್ರಾಟನ್ 1678ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಒರಟಾದ ಮೇಲ್ಮೈ ಮುಂದೆ ಬರುತ್ತದೆ, ನುಣುಪಾದದ್ದು ಹಿಂದೆ ಸರಿಯುತ್ತದೆ ಎಂಬ ಅರ್ಥದ ಮಾತು ಹೇಳಿದ್ದಾನೆ. ರೆಂಬ್ರಾಂಡ್‌ನ ದಪ್ಪ ಬಿಳಿಯಲ್ಲಿ ಪ್ಲಂಬೊನಾಕ್ರೈಟ್ ಎಂಬ ಅಪರೂಪದ ಸೀಸದ ಸಂಯುಕ್ತ ಇರುವುದು 2019ರಲ್ಲಿ ಪ್ರಕಟವಾಯಿತು. ಎಣ್ಣೆಗೆ ಸೀಸದ ಆಕ್ಸೈಡ್ ಬೆರೆಸಿ ಅವನು ಬಣ್ಣದ ಹದ ಬದಲಿಸುತ್ತಿದ್ದನೆಂಬುದಕ್ಕೆ ಅದು ಸುಳಿವು. ಇಂದಿನ ಟೈಟೇನಿಯಂ ಬಿಳಿ ಸೀಸದ ಬಿಳಿಗಿಂತ ತಣ್ಣಗೆ, ಹೆಚ್ಚು ಮರೆಮಾಡುವಂಥದ್ದು. ಅದಕ್ಕೆ ಚಿಟಿಕೆ ಓಕರ್ ಮತ್ತು ಸ್ವಲ್ಪ ಸೀಮೆಸುಣ್ಣದ ಪುಡಿ ಸೇರಿಸಿದರೆ ಮೈ ಬರುತ್ತದೆ, ಅಬ್ಬರ ತಗ್ಗುತ್ತದೆ. ಸೀಸದ ಬಿಳಿ ವಿಷ. ಮಕ್ಕಳಿರುವ ಮನೆಗೆ ಅದನ್ನು ತರಲೇಬೇಡಿ.

ಹಿನ್ನೆಲೆಯನ್ನು ಒಂದೇ ಸಮನೆ ಕಪ್ಪು ಮಾಡಬಹುದೇ?

ಮಾಡಿದರೆ ತಲೆ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಮುಖದ ಬೆಳಕಿನ ಬದಿಯ ಹಿಂದೆ ಹಿನ್ನೆಲೆ ಗಾಢ, ನೆರಳಿನ ಬದಿಯ ಹಿಂದೆ ತುಸು ತಿಳಿ, ಇದು ಹಳಬರ ಮತ್ತೆ ಮತ್ತೆ ಕಾಣುವ ಏರ್ಪಾಡು. ನೆರಳಿನ ಕೆನ್ನೆಯ ಅಂಚು ಎಲ್ಲೋ ಒಂದು ಕಡೆ ಹಿನ್ನೆಲೆಯಲ್ಲಿ ಕರಗಿಹೋಗಬೇಕು. ಬೆಳಕಿನ ಬದಿಯಲ್ಲಿ ಒಂದೆರಡು ಕಡೆ ಮಾತ್ರ ಅಂಚು ಚೂಪಾಗಿರಲಿ.

ವರ್ಮೀರ್‌ನ ‘ಮುತ್ತಿನೋಲೆಯ ಹುಡುಗಿ’ಯ (ಸುಮಾರು 1665) ಹಿನ್ನೆಲೆ ಈಗ ಕಪ್ಪಾಗಿ ಕಂಡರೂ, ಅದು ಹಸಿರು ಪರದೆಯಾಗಿತ್ತು ಎಂಬುದು ಹೇಗ್ ನಗರದ ಮೌರಿಟ್ಸ್‌ಹೌಸ್ ನಡೆಸಿದ ಪರೀಕ್ಷೆಯಲ್ಲಿ ತಿಳಿಯಿತು.

ಕಪ್ಪು ಉಡುಪು, ಬಿಳಿ ಕಾಲರ್ ಬರೆಯುವಾಗ ಏನು ಗಮನಿಸಬೇಕು?

ಡಚ್ ಭಾವಚಿತ್ರಗಳಲ್ಲಿ ದೊಡ್ಡ ಬಿಳಿ ಕಾಲರ್ ಒಂದು ಪ್ರತಿಫಲಕವೂ ಹೌದು. ಬೆಳಕು ಅದಕ್ಕೆ ತಾಗಿ ಗಲ್ಲದ ಕೆಳಗಿನ ನೆರಳನ್ನು ಬೆಚ್ಚಗೆ ತುಂಬುತ್ತದೆ. ಆದರೆ ನೆರಳೊಳಗಿನ ಈ ಪ್ರತಿಫಲನ ಮಧ್ಯಛಾಯೆಗಿಂತ ಎಂದಿಗೂ ತಿಳಿಯಾಗಬಾರದು. ಕಾಲರ್ ಕೂಡ ಎಲ್ಲ ಕಡೆ ಬಿಳಿ ಬೇಡ, ಮುಖದ ಹತ್ತಿರ 8, ದೂರಕ್ಕೆ 5. ಕಪ್ಪು ಬಟ್ಟೆಯಲ್ಲಿ ಬೆಚ್ಚನೆ ಕಪ್ಪು, ತಣ್ಣನೆ ಕಪ್ಪು ಎಂದು ಬೇರ್ಪಡಿಸಿ. ಹಾಲ್ಸ್‌ನ ಕಪ್ಪುಗಳು ಇಪ್ಪತ್ತೇಳು ಬಗೆಯವು ಎಂದು ವ್ಯಾನ್ ಗೋ 1885ರ ಪತ್ರವೊಂದರಲ್ಲಿ ಬರೆದಿದ್ದ.

ಬರೆದು ಮುಗಿಸಿದ ಮೇಲೆ ಗಾಢ ಭಾಗಗಳು ಮಂಕಾಗಿ, ಪುಡಿಪುಡಿಯಾಗಿ ಕಾಣುತ್ತಿವೆ.

ತಳ ಎಣ್ಣೆ ಹೀರಿದೆ. ಅಂಬರ್ ಮತ್ತು ಕಪ್ಪಿನಲ್ಲಿ ಇದು ಹೆಚ್ಚು. ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆ 1, ಟರ್ಪೆಂಟೈನ್ 1 ಪಾಲು ಬೆರೆಸಿ, ಮಂಕಾದ ಜಾಗಕ್ಕಷ್ಟೇ ಸವರಿ, ಹೆಚ್ಚಾದದ್ದನ್ನು ಕೂಡಲೇ ಒರೆಸಿ. ಹೊಳಪು ಮರಳುವ ಮೊದಲು ಛಾಯೆಯನ್ನು ತಿದ್ದಲು ಹೋಗಬೇಡಿ. ಮಂಕಾದ ಕಪ್ಪು ಇರುವುದಕ್ಕಿಂತ ಎರಡು ಮೆಟ್ಟಿಲು ತಿಳಿಯಾಗಿ ಕಂಡು ದಾರಿ ತಪ್ಪಿಸುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಬಯಲಲ್ಲಿ ಹರಡಿ ಒಣಗಿಸಿ.

ಇನ್ನೊಂದು ಸಾಮಾನ್ಯ ತಪ್ಪು ಮೊಬೈಲ್ ಫೋಟೊ ನೋಡಿ ನೆರಳು ಬರೆಯುವುದು. ಕ್ಯಾಮೆರಾ ನೆರಳನ್ನು ಒಂದೋ ಕಪ್ಪಾಗಿ ಮುಚ್ಚುತ್ತದೆ, ಇಲ್ಲವೇ ಕೃತಕವಾಗಿ ತಿಳಿಗೊಳಿಸುತ್ತದೆ. ಕಣ್ಣು ಅಲ್ಲಿ ಕಾಣುವ ಮೂರು–ನಾಲ್ಕು ಹದಗಳು ಫೋಟೊದಲ್ಲಿ ಇರುವುದೇ ಇಲ್ಲ.

ಹಳೆಯ ಚಿತ್ರಗಳು ಬರೆದಾಗಲೂ ಇಷ್ಟೇ ಕತ್ತಲಾಗಿದ್ದವೇ?

ಹಲವು ಇರಲಿಲ್ಲ. ರೆಂಬ್ರಾಂಡ್‌ನ ‘ನೈಟ್ ವಾಚ್’ (1642) ರಾತ್ರಿಯ ದೃಶ್ಯವೇ ಅಲ್ಲ. ಹಳದಿಗಟ್ಟಿದ ವಾರ್ನಿಶ್, ಮಸಿ ಸೇರಿ ಕಪ್ಪಾದ ಮೇಲೆ 18ನೇ ಶತಮಾನದ ಕೊನೆಯಲ್ಲಿ ಆ ಹೆಸರು ಬಿತ್ತು. 1946–47ರಲ್ಲಿ ವಾರ್ನಿಶ್ ತೆಗೆದಾಗ ಹಗಲು ಹೊರಬಂತು. ಅದರಲ್ಲಿ ಕ್ಯಾಪ್ಟನ್ ಬಾನಿಂಕ್ ಕಾಕ್ ಚಾಚಿದ ಕೈಯ ನೆರಳು ಪಕ್ಕದ ಲೆಫ್ಟಿನೆಂಟ್‌ನ ಹಳದಿ ಅಂಗಿಯ ಮೇಲೆ ಬಿದ್ದಿದೆ. ಬೆಳಕು ಎಲ್ಲಿಂದ, ಎಷ್ಟು ಎತ್ತರದಿಂದ ಬರುತ್ತಿದೆ ಎಂದು ಆ ಒಂದು ನೆರಳಿನಿಂದಲೇ ಹೇಳಬಹುದು. ವಾರ್ನಿಶ್ ಅಲ್ಲದೆ ಬಣ್ಣಗಳೂ ಬದಲಾಗುತ್ತವೆ. ಸ್ಮಾಲ್ಟ್ ಎಂಬ ಗಾಜಿನ ನೀಲಿ ಬೂದಾಗುತ್ತದೆ, ಕೆಂಪು ಲೇಕ್ ಮಾಸುತ್ತದೆ, ಎಣ್ಣೆ ವರ್ಷ ಕಳೆದಂತೆ ಪಾರದರ್ಶಕವಾಗಿ ಗಾಢ ತಳ ಮೇಲೆದ್ದು ಕಾಣುತ್ತದೆ. ಆದ್ದರಿಂದ ಹಳೆಯ ಚಿತ್ರದ ಇಂದಿನ ಕಂದನ್ನು ಹಾಗೆಯೇ ನಕಲು ಮಾಡಬೇಡಿ.

ಈ ಕಲೆಗೂ ನಮ್ಮ ನೆಲಕ್ಕೂ ಆಗ ಏನಾದರೂ ನಂಟಿತ್ತೇ?

ಇತ್ತು. ಹಾರ್ಲೆಮ್‌ನ ಚಿತ್ರಕಾರ ಕೊರ್ನೆಲಿಸ್ ಕ್ಲಾಸ್ ಹೇಡಾ 17ನೇ ಶತಮಾನದ ಆರಂಭದಲ್ಲಿ ಬಿಜಾಪುರಕ್ಕೆ ಬಂದು ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಕೆಲಸ ಮಾಡಿದ. ಅತ್ತ ರೆಂಬ್ರಾಂಡ್ 1656–61ರ ಸುಮಾರಿಗೆ ಮೊಘಲ್ ಚಿತ್ರಗಳನ್ನು ನೋಡಿ ಬಿಡಿಸಿದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ. ಜಹಾಂಗೀರ್, ಶಹಜಹಾನ್ ಅವುಗಳಲ್ಲಿದ್ದಾರೆ. ಮೊಘಲ್ ಮೂಲಗಳಲ್ಲಿ ಬೀಳುವ ನೆರಳು ಬಹುತೇಕ ಇರುವುದಿಲ್ಲ. ರೇಖೆಯೇ ಅಲ್ಲಿ ಆಕಾರವನ್ನು ಹೊರುತ್ತದೆ. ನೆರಳಿನ ಯಜಮಾನನೊಬ್ಬ ನೆರಳಿಲ್ಲದ ಚಿತ್ರಗಳನ್ನು ಅಷ್ಟು ಶ್ರದ್ಧೆಯಿಂದ, ದುಬಾರಿ ಏಷ್ಯನ್ ಕಾಗದದ ಮೇಲೆ ನಕಲು ಮಾಡಿದ್ದು ನಮಗೆ ಬಹಳ ದೊಡ್ಡ ಸಂಗತಿ ಎನಿಸುತ್ತದೆ.

ಯುರೋಪಿಗೆ ಹೋಗದೆ ಇವನ್ನು ಅಭ್ಯಾಸ ಮಾಡುವುದು ಹೇಗೆ?

ರೈಕ್ಸ್‌ಮ್ಯೂಸಿಯಂ ‘ನೈಟ್ ವಾಚ್’ನ 717 ಗಿಗಾಪಿಕ್ಸೆಲ್ ಛಾಯಾಚಿತ್ರವನ್ನು 2022ರಲ್ಲಿ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಕುಂಚದ ಕೂದಲಿನ ಗೆರೆಯೂ ಕಾಣುತ್ತದೆ. ಮೊದಲಿಗೆ 1628ರ ಸ್ವಚಿತ್ರವನ್ನು ಆರಿಸಿಕೊಳ್ಳಿ. ಅದರ ಚಿತ್ರವನ್ನು ಕಪ್ಪು–ಬಿಳುಪಿಗೆ ಬದಲಿಸಿ ಅಂಗೈಯಗಲಕ್ಕೆ ಮುದ್ರಿಸಿ, ಮೂರೇ ಹದದಲ್ಲಿ (ಕತ್ತಲೆ, ತಳ, ಬೆಳಕು) ನಕಲು ಮಾಡಿ. ಆಮೇಲೆ ಕೂದಲಿನ ಸುರುಳಿಗಳನ್ನು ನೋಡಿ. ಅವನ್ನು ಅವನು ಬಣ್ಣದಿಂದ ಬರೆದಿಲ್ಲ. ಹಸಿ ಗಾಢ ಬಣ್ಣವನ್ನು ಕುಂಚದ ಹಿಂಬದಿಯ ತುದಿಯಿಂದ ಕೆರೆದು, ಅಡಿಯ ತಿಳಿ ಪದರವನ್ನು ಹೊರತೆಗೆದಿದ್ದಾನೆ. ನಿಮ್ಮ ನಕಲಿನಲ್ಲೂ ಹಾಗೆಯೇ ಕೆರೆಯಿರಿ. ಗಾಢ ಪದರ ಹಚ್ಚಿ ಅರ್ಧ ಗಂಟೆಯೊಳಗೆ ಕೆರೆದರೆ ಗೆರೆ ಶುದ್ಧವಾಗಿ ಬರುತ್ತದೆ. ಬಣ್ಣ ಅಂಟಾಗಲು ಶುರುವಾದ ಮೇಲೆ ಅಂಚುಗಳು ಹರಿಯುತ್ತವೆ.